ಸುಟ್ಟದ್ದು ಹೇಗೆ ಎಂದು ನ್ಯಾಯಾಧೀಶರು ಕೇಳಿದಾಗ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಮಹಿಳಾ ಸಂಘಗಳ ಕಾರ್ಯಕರ್ತೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ವರದಕ್ಷಿಣೆಯ ವಿಷಯಕ್ಕೆ ನಾವು ಸೇರಿದಾಗಲೆಲ್ಲ ಸತ್ತವರ ಬಗ್ಗೆ ಮಾತಾಡುತ್ತೇವೆ. ಮಾತಾಡಲೇಬೇಕು. ಹೆಂಗಸರು ಬೀದಿಗಿಳಿದು ಕೂಗಿದ್ದರಿಂದಲೇ 1986ರಲ್ಲಿ ವರದಕ್ಷಿಣೆ ಸಾವು ಎಂಬ ಅಪರಾಧ 304-ಬಿ ಕಲಮಾಗಿ ದಂಡಸಂಹಿತೆಗೆ ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ ಆಗಿದೆ. ಸತ್ತವಳಿಗೆ ಒಂದು ಕಲಂ ಇದೆ, ಪೊಲೀಸರ ಪುಸ್ತಕದಲ್ಲಿ ಒಂದು ಲೆಕ್ಕವೂ ಇದೆ. ಅದೇ ಬೆಂಕಿಯಿಂದ ಬದುಕಿ ಎದ್ದು ಬಂದವಳು ಏನಾದಳು? ಬೆರಳು ಕೂಡಿಕೊಂಡ ಕೈ, ಎದೆಗೆ ಅಂಟಿದ ಗದ್ದ ಹೊತ್ತು ತವರಿನ ಪಡಸಾಲೆಯಲ್ಲಿ ಕುಳಿತವಳನ್ನು ಅಂಗವಿಕಲೆ ಎಂದು ಬರೆಯಬೇಕೋ, ದೌರ್ಜನ್ಯಕ್ಕೊಳಗಾದವಳು ಎಂದು ಬರೆಯಬೇಕೋ ಎನ್ನುವುದೇ ಕಚೇರಿಗಳಿಗೆ ಗೊತ್ತಾಗುವುದಿಲ್ಲ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸುತ್ತದೆ. ಅವಳು ಎರಡೂ ಹೌದು. ಅವಳು ನ್ಯಾಯಾಧೀಶರ ಮುಂದೆ ನಿಲ್ಲುವ ದಿನಕ್ಕೆ ನಾವು ಹೇಗೆ ಸಿದ್ಧರಾಗಬೇಕು ಎಂಬುದು ಇವತ್ತಿನ ಮಾತು.

ನಾವು ಜೊತೆ ನಿಂತ ಒಬ್ಬ ತಂಗಿಯ ಪ್ರಕರಣವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಹೆಸರು, ಊರು ಹೇಳುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರು ಅಂದುಕೊಂಡರೂ ನಡೆಯುತ್ತದೆ. ಮದುವೆಯಾಗಿ ಮೂರನೇ ವರ್ಷಕ್ಕೆ ಬೈಕಿನ ಹಣದ ಜಗಳದಲ್ಲಿ ಅವಳ ಮೈ ಸುಟ್ಟಿತು. ಬಲಗೈ ಮತ್ತು ಕುತ್ತಿಗೆ ನೆಟ್ಟಗಾಗಲಿಲ್ಲ. ಕೆಲವು ವರ್ಷಗಳ ಮೇಲೆ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿದಳು. ಗಂಡ ಬರಲೇ ಇಲ್ಲ, ಏಕಪಕ್ಷೀಯವಾಗಿ ಜೀವನಾಂಶದ ಆದೇಶವಾಯಿತು. ಆಮೇಲೆ ಗಂಡ ಎದ್ದು ಕುಳಿತು ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಿದ. ಅಲ್ಲಿ ಕಡತ ಬಿಚ್ಚಿದರೆ ಇದ್ದದ್ದು ಅವಳ ಒಂದು ಅಫಿಡವಿಟ್ ಮಾತ್ರ. ಆಸ್ಪತ್ರೆಯ ಕಾಗದವಿಲ್ಲ, ಅಂಗವೈಕಲ್ಯದ ಪ್ರಮಾಣಪತ್ರವಿಲ್ಲ, ಸಾಕ್ಷಿಯಿಲ್ಲ. ಎರಡೂ ಕಡೆಯವರನ್ನು ಕೇಳಿ ಮತ್ತೆ ತೀರ್ಮಾನಿಸಿರಿ ಎಂದು ಪ್ರಕರಣ ಕೆಳಗಿನ ನ್ಯಾಯಾಲಯಕ್ಕೆ ಹಿಂದಿರುಗಿತು. ಅವಳು ನಮ್ಮ ಹತ್ತಿರ ಬಂದದ್ದು ಆಗ.

ಇದರಿಂದ ತಿಳಿಯಬೇಕಾದ ಮೊದಲ ಸಂಗತಿ ಇದು. ಮೇಲ್ಮನವಿಯಲ್ಲಿ ಹೊಸದಾಗಿ ಕಥೆ ಹೇಳಲು ಸಾಮಾನ್ಯವಾಗಿ ಅವಕಾಶ ಸಿಗುವುದಿಲ್ಲ. ಮೇಲಿನ ನ್ಯಾಯಾಧೀಶರು ಕೆಳಗಿನಿಂದ ಬಂದ ಕಡತ ಓದುತ್ತಾರೆ. ಕಡತದಲ್ಲಿ ಇಲ್ಲದ ನೋವು ಅವರಿಗೆ ಕಾಣುವುದಿಲ್ಲ. ಆದ್ದರಿಂದ ಮೇಲ್ಮನವಿಯ ಸಿದ್ಧತೆ ಮೊದಲ ಅರ್ಜಿಯ ದಿನವೇ ಶುರುವಾಗಬೇಕು. ಇನ್ನೊಂದು, ಕಾಯ್ದೆಯ 29ನೇ ಕಲಮಿನ ಪ್ರಕಾರ ಆದೇಶ ಕೈಸೇರಿದ ದಿನದಿಂದ ಮೇಲ್ಮನವಿಗೆ ಇರುವ ಅವಧಿ 30 ದಿನ. ಆ ಹಕ್ಕು ಗಂಡನಿಗೆ ಇದ್ದಂತೆ ನಮಗೂ ಇದೆ. ಜೀವನಾಂಶ ಕಡಿಮೆಯಾಯಿತು ಎನಿಸಿದರೆ ನಾವೂ ಹೋಗಬಹುದು. ಆದೇಶದ ಪ್ರತಿ ಕೈಗೆ ಬಂದ ದಿನವೇ ಅದರ ಹಿಂದೆ ತಾರೀಖು ಬರೆದಿಡಿ.

ಅವಳು ತಟ್ಟಬೇಕಾದ ಬಾಗಿಲು ಮೂರು. ಒಂದು ಆಸ್ಪತ್ರೆಯದು, ಒಂದು ತಹಶೀಲ್ದಾರರದು, ಒಂದು ನ್ಯಾಯಾಲಯದ್ದು. ಒಂದು ಕಡೆ ಸಿಕ್ಕರೆ ಇನ್ನೊಂದು ಕಡೆ ಸಿಗುವುದಿಲ್ಲ ಎಂದು ಹಳ್ಳಿಯಲ್ಲಿ ಹೇಳುತ್ತಾರೆ. ಅದು ಸುಳ್ಳು. ಮಾಸಾಶನ ಸರ್ಕಾರದ ಹೊಣೆ, ಜೀವನಾಂಶ ಗಂಡನ ಹೊಣೆ, ಆದ ಗಾಯಕ್ಕೆ ಪರಿಹಾರ ಮತ್ತೂ ಬೇರೆ.

ಮೊದಲು ಆಸ್ಪತ್ರೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳು ಬಗೆಯ ಅಂಗವೈಕಲ್ಯ. ಅದರ ಜಾಗದಲ್ಲಿ ಬಂದ 2016ರ ಕಾಯ್ದೆ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಆಸಿಡ್ ದಾಳಿಗೆ ಒಳಗಾದವರು ಆ ಪಟ್ಟಿಯಲ್ಲಿ ಹೆಸರು ಹಿಡಿದೇ ಇದ್ದಾರೆ. ನಮ್ಮ ರಾಜ್ಯದ 2022-23ರ ಬಜೆಟ್‌ನಲ್ಲಿ ಅಂಥ ಹೆಂಗಸರ ಮಾಸಾಶನವನ್ನು 3,000 ರೂಪಾಯಿಯಿಂದ 10,000ಕ್ಕೆ ಏರಿಸಿದರು. ಒಳ್ಳೆಯದಾಯಿತು. ಆದರೆ ಚಿಮಣಿ ಎಣ್ಣೆ ಸುರಿದು ಸುಟ್ಟವಳಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಅವಳು ಚಲನೆಯ ಅಂಗವೈಕಲ್ಯದ ಬಾಗಿಲಿನಿಂದ ಒಳಗೆ ಬರಬೇಕು. ಅಂದರೆ ವೈದ್ಯರು ಅಳೆಯುವುದು ಸುಟ್ಟ ಚರ್ಮವನ್ನಲ್ಲ. ಕೈ ಎಷ್ಟು ಮಡಚುತ್ತದೆ, ಕುತ್ತಿಗೆ ಎಷ್ಟು ಹೊರಳುತ್ತದೆ ಎಂಬುದನ್ನು. ಬಹುತೇಕ ಸೌಲಭ್ಯಗಳಿಗೆ ಶೇಕಡಾ 40 ಬೇಕು. ನಮ್ಮ ತಂಗಿಗೆ ಮೊದಲು ಕೊಟ್ಟದ್ದು ಅದಕ್ಕಿಂತ ಕಡಿಮೆ. ಸೆರಗು ಹೊದ್ದು ಕುಳಿತಿದ್ದಳು, ಕೈ ಮಾತ್ರ ನೋಡಿ ಬರೆದರು, ಕುತ್ತಿಗೆ ನೋಡಲೇ ಇಲ್ಲ. ಅವಳೂ ತೋರಿಸಲಿಲ್ಲ, ಗಂಡಸರ ಮುಂದೆ ಹೇಗೆ ಸೆರಗು ತೆಗೆಯುವುದು? ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಲು ಅದೇ ಕಾಯ್ದೆಯ 59ನೇ ಕಲಮಿನಲ್ಲಿ ಅವಕಾಶವಿದೆ. ಮೇಲ್ಮನವಿಯಲ್ಲಿ ಅಂಕಿ ಹೆಚ್ಚಿಸಿರಿ ಎಂದು ಬರೆಯಬೇಡಿ. ಯಾವ ಅಂಗವನ್ನು ನೋಡಲಿಲ್ಲ ಎಂದು ಬರೆಯಿರಿ. ಪರೀಕ್ಷೆಗೆ ಹೋಗುವಾಗ ಒಬ್ಬ ಹೆಂಗಸು ಜೊತೆಗೆ ಒಳಗೆ ಹೋಗಿ, ಮಹಿಳಾ ವೈದ್ಯರು ಇದ್ದರೆ ಅವರೇ ನೋಡಲಿ ಎಂದು ಕೇಳಿ.

ಎರಡನೆಯದು ತಹಶೀಲ್ದಾರರ ಕಚೇರಿ. ಮಾಸಾಶನ ದೊಡ್ಡ ಮೊತ್ತವೇನಲ್ಲ. 2022ರ ಹೊತ್ತಿಗೆ ಅದು ಶೇ. 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲ್ಪಟ್ಟವರಿಗೆ 1,400 ಇತ್ತು. ಆದರೂ ತವರಿನಲ್ಲಿ ಕುಳಿತವಳಿಗೆ ಅದು ಅಣ್ಣನ ಹೆಂಡತಿಯ ಮುಂದೆ ಕೈ ಚಾಚದೆ ಕೊಳ್ಳುವ ಎಣ್ಣೆ, ಸಾಬೂನು. ಅವಳ ಅರ್ಜಿಯನ್ನು ಕುಟುಂಬದ ಆದಾಯ ಹೆಚ್ಚಿದೆ ಎಂದು ತಿರಸ್ಕರಿಸಿದ್ದರು. ಯಾರ ಕುಟುಂಬ? ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಇನ್ನೂ ಗಂಡನ ಮನೆಯಲ್ಲೇ ಇತ್ತು. ಯಾರ ಮನೆಯಲ್ಲಿ ಅವಳನ್ನು ಸುಟ್ಟರೋ ಅವರ ಹೊಲ, ಅವರ ಟ್ರ್ಯಾಕ್ಟರು ಅವಳ ಆದಾಯವಾಗಿ ಎಣಿಕೆಯಾಗಿತ್ತು! ಇಂಥ ಕಡೆ ಬಾಯಿಮಾತಿನ ಉತ್ತರ ತೆಗೆದುಕೊಂಡು ಹಿಂದಿರುಗಬೇಡಿ. ಕಾರಣ ಬರೆದು ಹಿಂಬರಹ ಕೊಡಿರಿ ಎಂದು ಕೇಳಿ. ಹಿಂಬರಹವಿಲ್ಲದೆ ಮೇಲಿನ ಅಧಿಕಾರಿಗಳ ಹತ್ತಿರ ಹೋಗಲು ಕಾಲು ಬರುವುದಿಲ್ಲ. ಜೊತೆಗೆ, ಅವಳು ಪ್ರತ್ಯೇಕವಾಗಿ ಇದ್ದಾಳೆ ಎನ್ನುವುದಕ್ಕೆ ನ್ಯಾಯಾಲಯದ ಅರ್ಜಿಯ ಪ್ರತಿಯನ್ನೇ ಆಧಾರವಾಗಿ ಲಗತ್ತಿಸಿ. ಒಂದು ಬಾಗಿಲಿನ ಕಾಗದ ಇನ್ನೊಂದು ಬಾಗಿಲು ತೆರೆಯುತ್ತದೆ.

ಇನ್ನೂ ಒಂದು. ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರ ಹುದ್ದೆಯ ಹೆಸರನ್ನು ಪೂರ್ತಿ ಓದಿ ನೋಡಿ. ಅವರು ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ಅಂಗವಿಕಲ ವ್ಯಕ್ತಿಯ ಮೇಲೆ ಹಿಂಸೆ ನಡೆಯುತ್ತಿದೆ ಎಂದು ಯಾರು ಬೇಕಾದರೂ, ಸಂಘದವರು ಕೂಡ, ಅಂಥ ದಂಡಾಧಿಕಾರಿಗೆ ತಿಳಿಸಬಹುದು. ಅವರು ಹಿಂಸೆ ತಡೆಯಲು, ಅವಳನ್ನು ಅಲ್ಲಿಂದ ಬಿಡಿಸಲು, ಪೋಷಣೆಗೆ ವ್ಯವಸ್ಥೆ ಮಾಡಲು ಆದೇಶ ಕೊಡಬಹುದು. 2016ರ ಕಾಯ್ದೆಯ 7ನೇ ಕಲಂ ಇದನ್ನು ಹೇಳುತ್ತದೆ. ತಹಶೀಲ್ದಾರರೆಂದರೆ ಮಾಸಾಶನದ ಅರ್ಜಿ ಒಯ್ಯುವ ಜಾಗವೆಂದಷ್ಟೇ ನಾವು ತಿಳಿದಿದ್ದೇವೆ.

ಮಾಸಾಶನದ ಬಗ್ಗೆ ನಮ್ಮ ಪತ್ರಿಕೆಯ ಓದುಗರು ಮರೆಯಬಾರದ ಮಾತೊಂದಿದೆ. ಹುಟ್ಟಿನಿಂದ ಕಾಲಿಲ್ಲದ, ಕಣ್ಣಿಲ್ಲದ ಹುಡುಗಿಯ ಮದುವೆಯಲ್ಲಿ ಏನಾಗುತ್ತದೆ? ಕುಂಟಿ ಎಂದು ಎರಡು ತೊಲೆ ಹೆಚ್ಚು ಕೇಳುತ್ತಾರೆ. ಮದುವೆಯಾದ ಮೇಲೆ ಅವಳ ಪಾಸ್‌ಬುಕ್ಕು ಅತ್ತೆಯ ಟ್ರಂಕಿನಲ್ಲಿ ಸೇರುತ್ತದೆ. ಸರ್ಕಾರ ಅವಳಿಗೆಂದು ಕೊಡುವ ಹಣ ತಿಂಗಳು ತಿಂಗಳು ಸಲ್ಲುವ ವರದಕ್ಷಿಣೆಯಾಗುತ್ತದೆ. ಹೆಂಡತಿಯ ಹಕ್ಕಿನ ಹಣ ಕಸಿದುಕೊಳ್ಳುವುದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ ಆರ್ಥಿಕ ದೌರ್ಜನ್ಯ. ಪಾಸ್‌ಬುಕ್ಕಿನ ವಿಷಯವನ್ನು ಅರ್ಜಿಯಲ್ಲಿ ಬರೆಯಲೇಬೇಕು, ಸಣ್ಣದೆಂದು ಬಿಡಬಾರದು.

ಇನ್ನು ಮೂರನೆಯ ಬಾಗಿಲು. ನನ್ನ ಮಾತಿನ ಹೆಚ್ಚು ಭಾಗ ಇದರ ಮೇಲೆಯೇ.

ಘಟನೆ ಹಳೆಯದಾಯಿತು, ಈಗ ಅರ್ಜಿ ನಡೆಯುವುದಿಲ್ಲ ಎಂದು ಹೆದರಿಸುವವರು ಇದ್ದಾರೆ. ಹಿಂಸೆ ನಡೆದು ಒಂದು ವರ್ಷದೊಳಗೇ 12ನೇ ಕಲಮಿನ ಅರ್ಜಿ ಹಾಕಬೇಕೆಂಬ ಮಿತಿ ಇಲ್ಲ ಎಂದು ಸುಪ್ರೀಂ ಕೋರ್ಟು ಕಾಮಾಚ್ಚಿ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಹೇಳಿದೆ. ವಕೀಲರಿಗೆ ಕೊಡಲು ಹಣವಿಲ್ಲ ಎನ್ನುವವರಿಗೆ ಹೇಳಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಎಲ್ಲ ಹೆಂಗಸರಿಗೂ, ಎಲ್ಲ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಜಿಲ್ಲಾ ಪ್ರಾಧಿಕಾರ ಕೊಪ್ಪಳದಲ್ಲಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. ಸಂತ್ರಸ್ತರ ಪರಿಹಾರ ಯೋಜನೆಯ ಅರ್ಜಿಯನ್ನು ಕೂಡ ಆ ಪ್ರಾಧಿಕಾರಕ್ಕೇ ಕೊಡಬೇಕು.

ಈಗ ಸಿದ್ಧತೆ. ನಾವು ಅವಳಿಗೆ ಮೊದಲು ಹೇಳಿದ್ದು, ಒಂದು ದಿನದ ಕೆಲಸವನ್ನು ಬೆಳಗಿನಿಂದ ರಾತ್ರಿಯವರೆಗೆ ಹೇಳು ಎಂದು. ಅವಳ ತಂಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ರೊಟ್ಟಿ ಬಡಿಯಲು ಆಗುವುದಿಲ್ಲ, ಎಡಗೈಯಿಂದ ಬಡಿದರೆ ಎರಡಕ್ಕೆ ಸಾಕಾಗುತ್ತದೆ. ಸೀರೆಯ ನಿರಿಗೆ ಹಿಡಿಯಲು, ತಲೆ ಬಾಚಲು ಇನ್ನೊಬ್ಬರು ಬೇಕು. ಕೊಡ ಹೊರಲಾರಳು, ಕುತ್ತಿಗೆ ತಡೆಯುವುದಿಲ್ಲ. ಕಳೆ ತೆಗೆಯಲು ಹೋದರೆ ಬಿಸಿಲಿಗೆ ಮೈ ಉರಿದು ತಲೆ ಸುತ್ತುತ್ತದೆ, ಏಕೆಂದರೆ ಆಳವಾಗಿ ಸುಟ್ಟು ಮಾಯ್ದ ಚರ್ಮ ಬೆವರುವುದಿಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಇಟ್ಟರೆ ಯಂತ್ರ ಗುರುತು ಹಿಡಿಯುವುದಿಲ್ಲ. ಇವು ಯಾವುವೂ ವೈದ್ಯರ ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಆದರೆ ಅವಳು ದುಡಿದು ತಿನ್ನಬಲ್ಲಳೇ ಎಂದು ನ್ಯಾಯಾಧೀಶರು ತೀರ್ಮಾನಿಸಬೇಕಾದದ್ದು ಇವುಗಳಿಂದ. ನಾಟಿ, ಕಳೆ, ಹತ್ತಿ ಬಿಡಿಸುವುದು, ಉದ್ಯೋಗ ಖಾತ್ರಿ ಇವೇ ಇಲ್ಲಿಯ ಹೆಂಗಸಿನ ಸಂಪಾದನೆ. ಎಲ್ಲಕ್ಕೂ ಎರಡು ಕೈ ಬೇಕು, ಬಿಸಿಲು ತಡೆಯುವ ಮೈ ಬೇಕು.

ಇಲ್ಲಿ ಎರಡು ಅಪಾಯಗಳಿವೆ. ಏನೂ ಮಾಡಲಾರೆ ಎಂದು ಹೆಚ್ಚಿಸಿ ಹೇಳಿದರೆ, ಚೀಲ ಹಿಡಿದು ಒಳಗೆ ಬಂದದ್ದನ್ನೇ ತೋರಿಸಿ ಎದುರು ವಕೀಲರು ಎಲ್ಲವನ್ನೂ ಸುಳ್ಳು ಮಾಡುತ್ತಾರೆ. ಆದರೆ ನಮ್ಮ ಹೆಂಗಸರಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಅಡುಗೆ ಮಾಡುತ್ತೀಯಾ ಎಂದು ಕೇಳಿದರೆ ಇವಳು "ಮಾಡ್ತೀನ್ರೀ, ಹೆಂಗರ ಮಾಡಿ ಮಾಡ್ತೀನಿ" ಎನ್ನುತ್ತಾಳೆ. ಅದು ಅವಳ ಮರ್ಯಾದೆಯ ಮಾತು. ದಾಖಲೆಯಲ್ಲಿ ಮಾತ್ರ "ಅರ್ಜಿದಾರಳು ಅಡುಗೆ ಮಾಡುತ್ತಾಳೆ" ಎಂದಷ್ಟೇ ಉಳಿಯುತ್ತದೆ. ಆ "ಹೆಂಗರ" ಎಂಬುದು ಹೇಗೆ ಎಂದು ಬಿಡಿಸಿ ಹೇಳಲು ಅವಳಿಗೆ ನಾಲ್ಕು ಸಂಜೆ ಬೇಕಾದವು. "ಮಾಡ್ತೀನ್ರೀ, ಅನ್ನ ಇಡತೀನಿ, ಬಸಿಯೋದು ನಮ್ಮವ್ವ. ರೊಟ್ಟಿ ಆಗೂದಿಲ್ಲ." ಇಷ್ಟು ಸಾಕು. ಇದು ನಿಜ, ಮತ್ತು ಪೂರ್ತಿ.

ಪಾಟೀ ಸವಾಲಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಗೊತ್ತಿರುವಂಥವೇ. ನಿನಗೆ ಸರ್ಕಾರದ ಮಾಸಾಶನ ಬರುತ್ತದಲ್ಲ, ಗಂಡನ ಹಣ ಏಕೆ ಎಂಬುದು ಒಂದು. ಇದಕ್ಕೆ ಹೆದರಿ ಮಾಸಾಶನ ಮುಚ್ಚಿಡಬಾರದು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಜೀವನಾಂಶ ಕೇಳುವಾಗ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಸಲ್ಲಿಸಬೇಕೆಂದು ಹೇಳಿದೆ. ಅವಳು 800 ರೂಪಾಯಿಯನ್ನು ಬರೆಯುತ್ತಾಳೆ, ಗಂಡ ಹೊಲ ಮತ್ತು ಟ್ರ್ಯಾಕ್ಟರು ಬರೆಯಬೇಕಾಗುತ್ತದೆ. ತೀವ್ರ ಅಂಗವೈಕಲ್ಯವನ್ನು ಜೀವನಾಂಶ ನಿಗದಿ ಮಾಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದೂ, ಜೀವನಾಂಶ ಅರ್ಜಿ ಹಾಕಿದ ತಾರೀಖಿನಿಂದಲೇ ಸಲ್ಲಬೇಕೆಂದೂ ಅದೇ ತೀರ್ಪು ಹೇಳುತ್ತದೆ.

ಎರಡನೆಯ ಪ್ರಶ್ನೆಯೇ ಅವಳನ್ನು ವರ್ಷಗಳಿಂದ ನಿದ್ದೆಗೆಡಿಸಿದ್ದು. ಆಸ್ಪತ್ರೆಯ ಕಾಗದದಲ್ಲಿ "ಅಡುಗೆ ಮಾಡುವಾಗ ಸ್ಟೋವ್ ಸಿಡಿದು" ಎಂದಿದೆ. ಹೇಳಿದವಳು ಅವಳೇ. ಹೆಬ್ಬೆಟ್ಟೂ ಅವಳದೇ.

ಗೆಳತಿಯರೇ, ಈ ಒಂದು ಸಾಲು ಎಷ್ಟು ಹೆಂಗಸರ ಕಡತಗಳಲ್ಲಿ ಕುಳಿತಿದೆಯೋ! ನೋವಿನಲ್ಲಿ ಮಲಗಿದವಳು, ಸುತ್ತ ನಿಂತವರು ಗಂಡನ ಕಡೆಯವರು, ಆಸ್ಪತ್ರೆಯ ಖರ್ಚು ಅವರ ಕೈಯಲ್ಲಿ, ಕೂಸು ಅವರ ಮನೆಯಲ್ಲಿ. ಆ ದಿನ ಅವಳು ಬದುಕಲು ಹೇಳಿದ ಮಾತು ಇಂದು ಅವಳ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ. ಇದಕ್ಕೆ ಕೆಲವರು ಹೇಳಿಕೊಡುವ ಉಪಾಯ, ನಾನು ಹಾಗೆ ಹೇಳಲೇ ಇಲ್ಲ, ಅವರೇ ಬರೆದುಕೊಂಡರು ಎಂದು ಬಿಡುವುದು. ಬೇಡ. ಒಂದು ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ಮುಚ್ಚಿದರೆ ಎರಡೂ ಅವಳ ತಲೆಯ ಮೇಲೆಯೇ ಬೀಳುತ್ತವೆ. ಹೇಳಿದ್ದನ್ನು ಹೌದೆನ್ನಬೇಕು, ಏಕೆ ಹೇಳಿದೆ ಎನ್ನುವುದನ್ನು ಹೇಳಬೇಕು, ಅದಕ್ಕೆ ಒತ್ತಾಸೆಯಾಗಿ ಆ ದಿನದ ಬೇರೆ ಗುರುತುಗಳನ್ನು ಹುಡುಕಬೇಕು.

ನಾವು ಹುಡುಕಿದೆವು. ಆಸ್ಪತ್ರೆಯ ಕೇಸ್ ಷೀಟಿನ ಪ್ರತಿ ಕೇಳಿದೆವು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರಿಗೆ 2002ರ ನಿಯಮವಿದೆ. ಆದರೆ ಆ ನಿಯಮದ ಪ್ರಕಾರ ಮೂರು ವರ್ಷ ಇಟ್ಟುಕೊಂಡರೆ ಸಾಕು, ಆದ್ದರಿಂದ ಹೆಂಗಸು ಆಸ್ಪತ್ರೆಯಿಂದ ಹೊರಬಿದ್ದ ತಿಂಗಳೇ ಪ್ರತಿ ತೆಗೆದಿಡಿ. ಇವಳ ಕಾಗದ ಪುಣ್ಯಕ್ಕೆ ಉಳಿದಿತ್ತು. ಅದರಲ್ಲಿ ಬೆನ್ನಿನ ಮೇಲ್ಭಾಗವೂ ಸುಟ್ಟಿದೆ ಎಂದು ಬರೆದಿತ್ತು. ಒಲೆಯ ಮುಂದೆ ಕುಳಿತವಳಿಗೆ ಬೆನ್ನು ಹೇಗೆ ಸುಟ್ಟಿತು ಎಂದು ವಕೀಲರು ಕೇಳಲು ದಾರಿಯಾಯಿತು. ನೀರು ಸುರಿದ ನೆರೆಮನೆಯ ಮುದುಕಿಯನ್ನು ಕಂಡೆವು. ಆಕೆ ಮೊದಲು "ನನಗ್ಯಾಕ ಯವ್ವಾ ಕೋರ್ಟು" ಎಂದಳು, ಮೂರನೇ ಸಲ ಹೋದಾಗ ಬರುತ್ತೇನೆ ಎಂದಳು. ಇಂಥ ಅರ್ಜಿಯಲ್ಲಿ ಕೊಲೆ ಮೊಕದ್ದಮೆಯಂತೆ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ. ಜೀವನಾಂಶ, ಪರಿಹಾರ ಕೇಳುವುದು ಸಿವಿಲ್ ಸ್ವರೂಪದ ಹಕ್ಕು. ನಡೆದಿರುವ ಸಂಭವ ಯಾವುದು ಹೆಚ್ಚು ಎಂಬುದನ್ನು ತೂಗಿ ನೋಡುತ್ತಾರೆ.

ತಾರೀಖಿನ ದಿನದ ಬಗ್ಗೆ ನಾಲ್ಕು ಮಾತು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಅವಳ ಜೊತೆಗೆ ಹೋಗುವವಳಿಗೂ ಖರ್ಚಿಲ್ಲ ಎಂದಾಯಿತು. ಯಾರೂ ಒಬ್ಬಳನ್ನೇ ಕಳಿಸಬೇಡಿ. ಮೆಟ್ಟಿಲು ಹತ್ತಲಾಗದವಳಿಗೆ ಕೆಳಗಿನ ಕೋಣೆಯಲ್ಲಿ ವಿಚಾರಣೆ ಮಾಡಿರೆಂದು, ಕಿವಿ ಕೇಳದವಳಿಗೆ ಸಂಜ್ಞೆ ಬಲ್ಲವರನ್ನು ಕರೆಸಿರೆಂದು ಮೊದಲೇ ವಕೀಲರಿಂದ ಅರ್ಜಿ ಕೊಡಿಸಿ. ಅಂಗವಿಕಲರು ತಮಗೆ ಒಗ್ಗುವ ಭಾಷೆ ಮತ್ತು ರೀತಿಯಲ್ಲಿ ಸಾಕ್ಷ್ಯ ನುಡಿಯಲು ಅನುಕೂಲ ಮಾಡಿಕೊಡಬೇಕೆಂದು 2016ರ ಕಾಯ್ದೆಯ 12ನೇ ಕಲಂ ಹೇಳುತ್ತದೆ. ತುಂಬಿದ ಕೋರ್ಟಿನಲ್ಲಿ ಹೇಳಲಾಗದ ಮಾತಿದ್ದರೆ ಕೌಟುಂಬಿಕ ಹಿಂಸೆ ಕಾಯ್ದೆಯ 16ನೇ ಕಲಮಿನಂತೆ ಬಾಗಿಲು ಹಾಕಿ ವಿಚಾರಣೆ ಮಾಡಿರೆಂದು ಕೇಳಬಹುದು. ಕೊನೆಗೆ, ಹೇಳಿಕೆಗೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ಕನ್ನಡದಲ್ಲಿ ಓದಿಸಿ ಕೇಳಿ, ತಪ್ಪಿದ್ದರೆ ಅಲ್ಲೇ ಹೇಳಿ.

ಅವಳನ್ನು ಕೇಳಿದರು. ನಾವು ಹಿಂದಿನ ಬೆಂಚಿನಲ್ಲಿದ್ದೆವು. "ಸ್ಟೋ ಸಿಡೀತು ಅಂತ ಡಾಕ್ಟರ ಮುಂದ ನೀನ ಹೇಳೀಯಲ್ಲಮ್ಮ?" ಎಂದರು ಎದುರು ವಕೀಲರು. ಅವಳು ನ್ಯಾಯಾಧೀಶರ ಕಡೆ ತಿರುಗಲು ಕುತ್ತಿಗೆ ಹೊರಳದೆ ಇಡೀ ಮೈ ತಿರುಗಿಸಿದಳು. "ಹೌದ್ರೀ, ನಾನ ಹೇಳೀನಿ. ಹೇಳುಮುಂದ ನಮ್ಮತ್ತಿ ತಲಿದಿಂಬಿನ ಕಡೆ ನಿಂತಿದ್ಲು. ನನ್ನ ಕೂಸು ಅವರ ಮನ್ಯಾಗಿತ್ತು. ಖರೇ ಹೇಳಿದ್ರ ಕೂಸು ಸಿಗತಿದ್ದಿಲ್ಲ." ನ್ಯಾಯಾಧೀಶರು ಅದನ್ನು ಅವಳ ಮಾತಿನಲ್ಲಿಯೇ ಬರೆಸಿದರು.

ತೀರ್ಪು ಇನ್ನೂ ಬಂದಿಲ್ಲ. ನಮ್ಮ ಪರವಾಗಿಯೇ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಬಂದರೂ ಗಂಡ ಮತ್ತೆ ಮೇಲ್ಮನವಿ ಹಾಕಬಹುದು. ಹಾಕಲಿ. ಈ ಸಲ ಮೇಲಕ್ಕೆ ಹೋಗುವ ಕಡತದಲ್ಲಿ ಅವಳ ಕೈ ಇದೆ, ಕುತ್ತಿಗೆ ಇದೆ, ಬೆನ್ನು ಇದೆ, ನೀರು ಸುರಿದ ಮುದುಕಿ ಇದ್ದಾಳೆ, ಅವಳ ಕೂಸಿನ ಮಾತೂ ಇದೆ.

ನೀವು ನಿಮ್ಮ ಊರಿಗೆ ಹೋದ ಮೇಲೆ ಮಾಡಬೇಕಾದದ್ದು ಇಷ್ಟು. ಬೆಂಕಿಯಿಂದಲೋ ಹೊಡೆತದಿಂದಲೋ ಅಂಗ ಊನವಾಗಿ ತವರಿನಲ್ಲಿ ಕುಳಿತ ಹೆಂಗಸರು ಯಾರಿದ್ದಾರೆ ಎಂದು ಪಟ್ಟಿ ಮಾಡಿ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರ ಹತ್ತಿರ ಅಂಗವಿಕಲರ ಪಟ್ಟಿ ಇರುತ್ತದೆ, ಅದರಲ್ಲಿ ಇವರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಕೌಟುಂಬಿಕ ಹಿಂಸೆ ಕಾಯ್ದೆಯ ಸಂರಕ್ಷಣಾಧಿಕಾರಿ, ಅವರಿಂದ ಘಟನಾ ವರದಿ ಬರೆಸಿ. ಮತ್ತು ಆ ಹೆಂಗಸಿನ ಹತ್ತಿರ ಕುಳಿತು ಒಂದು ದಿನದ ಕೆಲಸವನ್ನು ಬೆಳಗಿನಿಂದ ರಾತ್ರಿಯವರೆಗೆ ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಕಾಗದಕ್ಕೆ ಹತ್ತು ರೂಪಾಯಿಯ ನೋಟ್‌ಬುಕ್ಕು ಸಾಕು.